ಕರೆಂಟ್ ಹೋದ ಎರಡು ತಾಸು ಎಲ್ಲಿ ಹೋಯಿತು? ಆರ್‌ಟಿಸಿ (ಗಡಿಯಾರದ ಚಿಪ್) ಡ್ರೈವರ್ ಬರೆಯುತ್ತಾ ಕಲಿತದ್ದು

ಕಲಘಟಗಿ ಕಡೆ ನಮ್ಮ ಕಾಕಾನ ಹೊಲ ಇದೆ. ಬೋರ್‌ವೆಲ್ ಮೋಟರ್ ಯಾವಾಗ ಓಡಿತು, ಯಾವಾಗ ನಿಂತಿತು ಅಂತ ಬರೆದಿಡಲು ಶೆಡ್‌ನಲ್ಲಿ ರಾಸ್ಪ್‌ಬೆರಿ ಪೈ 3 ಎಂಬ ಒಂದು ಪುಟ್ಟ ಕಂಪ್ಯೂಟರ್ ಬೋರ್ಡ್ ಇಟ್ಟಿದ್ದೆ. ವಾರದ ಲಾಗ್ ತೋರಿಸಿದಾಗ ಕಾಕಾ ಕೇಳಿದ್ದು ಒಂದೇ ಮಾತು: "ಸೋಮವಾರ ಎರಡು ತಾಸು ಕರೆಂಟ್ ಇದ್ದಿಲ್ಲಲ್ಲೊ, ಇದರಾಗ ಅದು ಎಲ್ಲೈತಿ?"

ಎಲ್ಲೂ ಇರಲಿಲ್ಲ. ಆ ಬೋರ್ಡಿನಲ್ಲಿ ಸೆಲ್ ಮೇಲೆ ಓಡುವ ಗಡಿಯಾರವೇ ಇಲ್ಲ. ಕರೆಂಟ್ ಬಂದ ಮೇಲೆ ಅದು ಮೆಮರಿ ಕಾರ್ಡಿನಲ್ಲಿ ಕೊನೆಗೆ ಉಳಿಸಿಟ್ಟ ಹೊತ್ತನ್ನು ಓದಿಕೊಂಡು, ನಡುವೆ ಏನೂ ಆಗಿಲ್ಲ ಎಂಬಂತೆ ಮುಂದುವರಿಯುತ್ತದೆ. ಹೊಲದಲ್ಲಿ ನೆಟ್ ಇಲ್ಲ, ತಿದ್ದುವವರೂ ಇಲ್ಲ. ಹಾಗಾಗಿ ಸೆಲ್ ಮೇಲೆ ಓಡುವ ಗಡಿಯಾರದ ಚಿಪ್ (ಆರ್‌ಟಿಸಿ) ಒಂದನ್ನು ತಂದೆ, ಹೆಸರು ಡಿಎಸ್3231. ಬೋರ್ಡ್ ನಡೆಸುವ ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿ ಇದಕ್ಕೆ ಡ್ರೈವರ್, ಅಂದರೆ ಚಿಪ್ ಜೊತೆ ಮಾತಾಡುವ ಕೋಡ್, ಆಗಲೇ ಇದೆ. ಡಿಎಸ್1307 ಹೆಸರಿನ ಡ್ರೈವರೇ ಇದನ್ನೂ ನಡೆಸುತ್ತದೆ. ಆದರೂ ಕಲಿಯಲು ನಾನೇ ಒಂದು ಬರೆದೆ. ಧಾರವಾಡದ ಸಪ್ತಾಪುರದ ರೂಮಿನಲ್ಲಿ ಭಾನುವಾರ ಸೇರುವ ನಮ್ಮ ಗೆಳೆಯರಿಗಾಗಿ ಈ ಟಿಪ್ಪಣಿ.

ಮೊದಲು ಚಿಪ್ ನೋಡೋಣ. ಒಳಗಿನ ಹರಳು (ಕ್ರಿಸ್ಟಲ್) ಸೆಕೆಂಡಿಗೆ 32,768 ಸಲ ಮಿಡಿಯುತ್ತದೆ. ಇದು 2ರ 15ನೇ ಘಾತ. ಅಂದರೆ 15 ಸಲ ಅರ್ಧ ಮಾಡಿದರೆ ಸರಿಯಾಗಿ ಒಂದು ಸೆಕೆಂಡ್ ಸಿಗುತ್ತದೆ. ಸಾಮಾನ್ಯ ಹರಳು 25 ಡಿಗ್ರಿ ಹತ್ತಿರ ಸರಿಯಾಗಿ ನಡೆದು, ಬಿಸಿ ಏರಿದಂತೆ ಹಿಂದೆ ಬೀಳುತ್ತದೆ. ಏಪ್ರಿಲ್ ಬಿಸಿಲಿಗೆ ಕಾದ ತಗಡಿನ ಶೆಡ್ ಒಳಗೆ 45 ಡಿಗ್ರಿ ಅಂತಿಟ್ಟುಕೊಳ್ಳಿ, ಅಲ್ಲಿ ದಿನಕ್ಕೆ ಸುಮಾರು ಒಂದು ಸೆಕೆಂಡ್ ತಪ್ಪುತ್ತದೆ. ಡಿಎಸ್3231 ತನ್ನ ಬಿಸಿಯನ್ನು ತಾನೇ ಅಳೆದು ಸರಿಪಡಿಸಿಕೊಳ್ಳುತ್ತದೆ. ಅದಕ್ಕೇ ಇದನ್ನು ಆರಿಸಿದ್ದು.

ಚಿಪ್ ಐ-ಟು-ಸಿ ಎಂಬ ಎರಡು ತಂತಿಯ ಜೋಡಣೆಯ ಮೇಲೆ ಹೆಕ್ಸ್ (16ರ ಎಣಿಕೆ) 68ನೇ ವಿಳಾಸದಲ್ಲಿ ಸಿಗುತ್ತದೆ. ಸೆಕೆಂಡಿನಿಂದ ವರ್ಷದವರೆಗೆ ಏಳು ರಿಜಿಸ್ಟರ್, ಅಂದರೆ ಒಂದೊಂದು ಬೈಟಿನ ಖಾನೆ. ಚಿಪ್ ಸಿಕ್ಕಾಗ ಕರ್ನಲ್ ಕರೆಯುವ ಪ್ರೋಬ್ ಫಂಕ್ಷನ್‌ನಲ್ಲಿ ಆರ್‌ಟಿಸಿ ಸಾಧನಕ್ಕೆ ಜಾಗ ಪಡೆದು, ಓದುವ ಮತ್ತು ಬರೆಯುವ ಎರಡು ಫಂಕ್ಷನ್ ಕೊಟ್ಟು, 2000ದಿಂದ 2099 ಅಂತ ಮಿತಿ ಹೇಳಿ, ಕರ್ನಲ್‌ನಲ್ಲಿ ನೋಂದಾಯಿಸಿದರೆ ಚೌಕಟ್ಟು ಮುಗಿಯಿತು. ಇಬ್ಬರು ಒಮ್ಮೆಲೇ ಕೈ ಹಾಕದಂತೆ ತಡೆಯುವ ಲಾಕ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಈ ಎರಡು ಫಂಕ್ಷನ್ ಕರೆಯುವಾಗ ಕರ್ನಲ್‌ನ ಆರ್‌ಟಿಸಿ ಭಾಗವೇ ಲಾಕ್ ಹಿಡಿದಿರುತ್ತದೆ.

ಓದುವಾಗ ಏಳೂ ಬೈಟ್ ಒಂದೇ ಉಸಿರಿಗೆ ಓದಬೇಕು. 10:59:59 ಆಗಿದೆ ಎನ್ನಿ. ಸೆಕೆಂಡ್ ಒಂದನ್ನೇ ಓದಿದಿರಿ, 59 ಬಂತು. ಅಷ್ಟರಲ್ಲಿ ಗಡಿಯಾರ ಮುಂದೆ ಸರಿಯಿತು. ಆಮೇಲೆ ಓದಿದ ನಿಮಿಷ 00, ಗಂಟೆ 11. ಒಟ್ಟು 11:00:59, ಒಂದು ನಿಮಿಷ ಮುಂದೆ! ಒಟ್ಟಿಗೆ ಓದಲು ಶುರು ಮಾಡಿದರೆ ಚಿಪ್ ಆ ಕ್ಷಣದ ಹೊತ್ತನ್ನು ಬೇರೆ ಕಡೆ ನಕಲು ಇಟ್ಟುಕೊಂಡು ಕೊಡುತ್ತದೆ. ಇನ್ನು ಅಂಕಿಗಳು ಬಿಸಿಡಿ ರೂಪದಲ್ಲಿರುತ್ತವೆ. ಮೇಲಿನ ನಾಲ್ಕು ಬಿಟ್ ಹತ್ತರ ಸ್ಥಾನ, ಕೆಳಗಿನ ನಾಲ್ಕು ಬಿಡಿ ಸ್ಥಾನ. ಬಿಡಿಸದೆ, ಇಡೀ ಬೈಟನ್ನು ಒಂದೇ ಸಂಖ್ಯೆಯಾಗಿ ಓದಿದರೆ 59 ಹೋಗಿ 89 ಆಗುತ್ತದೆ.

ಈಗ ನನ್ನನ್ನು ಎರಡು ದಿನ ಕಾಡಿದ ವಿಷಯ. ಚಿಪ್‌ನಲ್ಲಿ ತಿಂಗಳು 1ರಿಂದ 12. ಕರ್ನಲ್‌ನಲ್ಲಿ 0ಯಿಂದ 11. ಬರೆಯುವಾಗ ಒಂದು ಕೂಡಿಸಲು ಮರೆತೆ, ಓದುವಾಗ ಒಂದು ಕಳೆಯಲೂ ಮರೆತೆ. ಎರಡು ತಪ್ಪೂ ಒಂದನ್ನೊಂದು ಮುಚ್ಚಿಕೊಂಡವು. ಏಪ್ರಿಲ್‌ನಲ್ಲಿ ಟೈಮ್ ಇಟ್ಟೆ, ಏಪ್ರಿಲ್ ಅಂತಲೇ ತೋರಿಸಿತು. ದಿನಗಟ್ಟಲೆ ಚೆನ್ನಾಗಿಯೇ ನಡೆಯಿತು. ಮೇ 1ರ ಬೆಳಿಗ್ಗೆ ಓದಿದರೆ ಬರೀ ಎರರ್. ರಿಜಿಸ್ಟರ್‌ಗಳನ್ನು ನೇರವಾಗಿ ತೆಗೆದು ನೋಡಿದೆ: ತಿಂಗಳು 03, ತಾರೀಖು 31. ಚಿಪ್ ಪಾಲಿಗೆ ಅದು ಮಾರ್ಚ್, ಹಾಗಾಗಿ 30 ಆದ ಮೇಲೆ 31ಕ್ಕೆ ಹೋಗಿದೆ. ಕರ್ನಲ್ ಪಾಲಿಗೆ ಅದು ಏಪ್ರಿಲ್ 31. ಅಂಥ ದಿನವೇ ಇಲ್ಲ, ಅಲ್ವಾ? ಅದಕ್ಕೆ ಕರ್ನಲ್ ಒಪ್ಪಲಿಲ್ಲ. ಬರೆದದ್ದೇ ವಾಪಸ್ ಬಂದರೆ ಡ್ರೈವರ್ ಸರಿ ಇದೆ ಅಂತ ಅಂದುಕೊಳ್ಳಬೇಡಿ. ಚಿಪ್ ಒಳಗೆ ಏನಿದೆ ಎಂದು ಬೇರೆಯಾಗಿ ನೋಡಿ. ವರ್ಷದ ಲೆಕ್ಕವೂ ಹೀಗೇ: ಕರ್ನಲ್ 1900ರಿಂದ ಎಣಿಸುತ್ತದೆ, ಚಿಪ್ ಕೊಡುವುದು ಕೊನೆಯ ಎರಡು ಅಂಕಿ. 2026 ಬೇಕಾದರೆ 26ಕ್ಕೆ 100 ಕೂಡಿಸಬೇಕು.

ನನ್ನ ಪ್ರಕಾರ ಈ ಡ್ರೈವರ್‌ನ ಜೀವ ಇರುವುದು ಒಂದೇ ಒಂದು ಬಿಟ್‌ನಲ್ಲಿ. ಹೆಕ್ಸ್ 0ಎಫ್ ಸ್ಟೇಟಸ್ ರಿಜಿಸ್ಟರ್, 7ನೇ ಬಿಟ್. ಕರೆಂಟೂ ಇಲ್ಲದೆ ಸೆಲ್ಲೂ ಮುಗಿದು ಹರಳು ನಿಂತರೆ ಈ ಬಿಟ್ 1 ಆಗುತ್ತದೆ. ಆಗ ರಿಜಿಸ್ಟರ್‌ಗಳಲ್ಲಿ ಯಾವುದೋ ಹೊತ್ತು ಇದ್ದೇ ಇರುತ್ತದೆ, ನೋಡಲು ಸರಿಯಾಗಿಯೇ ಕಾಣುತ್ತದೆ. ಅದನ್ನು ಸುಮ್ನೆ ಓದಿ ಕೊಟ್ಟರೆ ನಾವು ಮತ್ತೆ ಕಾಕಾನ ಪ್ರಶ್ನೆಗೇ ಬಂದು ನಿಲ್ಲುತ್ತೇವೆ. ಹಾಗಾಗಿ ಓದುವ ಫಂಕ್ಷನ್ ಮೊದಲು ಈ ಬಿಟ್ ನೋಡಬೇಕು. 1 ಇದ್ದರೆ ಹೊತ್ತು ಕೊಡದೆ ಎರರ್ ಕೊಡಬೇಕು. ಹೊತ್ತು ಗೊತ್ತಿಲ್ಲ ಅಂತ ತಿಳಿದರೆ ಲಾಗ್ ಬರೆಯುವ ಪ್ರೋಗ್ರಾಮ್ ಆ ಜಾಗ ಖಾಲಿ ಬಿಡಬಹುದು.

ಬಿಟ್ ಅಳಿಸುವ ಕೆಲಸ ಬರೆಯುವ ಫಂಕ್ಷನ್‌ನದು. ಆದರೆ ಹೊತ್ತು ಮೊದಲು, ಬಿಟ್ ಆಮೇಲೆ. ತಿರುವುಮುರುವು ಮಾಡಿ, ನಡುವೆ ಕರೆಂಟ್ ಹೋಯಿತೆನ್ನಿ. ಚಿಪ್‌ನಲ್ಲಿ ಹಳೆಯ ತಪ್ಪು ಹೊತ್ತು ಉಳಿದು, ಅದು ಸರಿ ಎಂಬ ಗುರುತೂ ಉಳಿಯುತ್ತದೆ. ನಮ್ಮ ಕಡೆ ಕರೆಂಟ್ ಹೋಗುವುದು ಜಾಸ್ತಿ, ಈ ಕ್ರಮ ಮರೆಯಬೇಡಿ.

ಕೋಡ್ ಆದ ಮೇಲೆ ಮೂರು ಪರೀಕ್ಷೆ ಮಾಡಿ. ಏಪ್ರಿಲ್ 30, 23:59:50 ಅಂತ ಇಟ್ಟು ಹತ್ತು ಸೆಕೆಂಡ್ ಕಾಯಿರಿ. 2028ರ ಫೆಬ್ರವರಿ 28ಕ್ಕೂ ಹಾಗೇ ಮಾಡಿ, 29 ಬರಬೇಕು. ಕೊನೆಗೆ ಕರೆಂಟ್ ತೆಗೆದು, ಸೆಲ್ ಕಳಚಿ, ಮತ್ತೆ ಹಾಕಿ ಓದಿ, ಎರರ್ ಬರಬೇಕು. ಶುರು ಮಾಡುವ ಮುಂಚೆ ಬೋರ್ಡಿನ ನೆಟ್ ಮರೆಯದೆ ಕಟ್ ಮಾಡಿ. ನೆಟ್‌ನಿಂದ ಹೊತ್ತು ಸರಿಹೋಗುತ್ತಿದ್ದರೆ ಕರ್ನಲ್ ಸುಮಾರು 11 ನಿಮಿಷಕ್ಕೊಮ್ಮೆ ತಾನೇ ಚಿಪ್‌ಗೆ ಹೊತ್ತು ಬರೆಯಬಹುದು. ನೀವು ಇಟ್ಟ ಏಪ್ರಿಲ್ 30 ನಿಮಗೆ ಗೊತ್ತಿಲ್ಲದೆಯೇ ಅಳಿಸಿಹೋಗಿರುತ್ತದೆ.