ಅಡಿಟಿಪ್ಪಣಿಯ ‘ಐಬಿಡ್’ ಯಾವ ಪುಸ್ತಕ ತೋರಿಸುತ್ತಿದೆ?

ಹಾಸನದಲ್ಲಿ ಎಂ.ಎ. ಓದುತ್ತಿರುವ ಅಕ್ಕನ ಮಗಳು ಬೇಲೂರಿನ ಶಾಸನಗಳ ಮೇಲೆ ಇಂಗ್ಲಿಷಿನಲ್ಲಿ ಒಂದು ಪ್ರಬಂಧ ಬರೆದು, ಒಮ್ಮೆ ನೋಡಿಕೊಡಿ ಮಾಮ ಅಂದಳು. 14ನೇ ಅಡಿಟಿಪ್ಪಣಿಯಲ್ಲಿ ಬಿ.ಎಲ್. ರೈಸ್ 1902ರಲ್ಲಿ ಹೊರತಂದ ಹಾಸನ ಜಿಲ್ಲೆಯ ಶಾಸನ ಸಂಪುಟ ಇತ್ತು. ಅದರ ಕೆಳಗೆ ಸುಮ್ನೆ ‘ಐಬಿಡ್., ಪುಟ 52’, ಅಂದರೆ ಮೇಲಿನ ಟಿಪ್ಪಣಿಯ ಪುಸ್ತಕವೇ ಅಂತ. ಆಮೇಲೆ ಅವಳು ಇವೆರಡರ ನಡುವೆ ಆಗಿನ ಕಡೂರು ಜಿಲ್ಲೆಯ (ಈಗಿನ ಚಿಕ್ಕಮಗಳೂರು) ಸಂಪುಟದ ಟಿಪ್ಪಣಿಯೊಂದನ್ನು ಸೇರಿಸಿದ್ದಾಳೆ. ಕಂಪ್ಯೂಟರ್ ನಂಬರುಗಳನ್ನೇನೋ ಸರಿಮಾಡಿತು, ಆದರೆ ಐಬಿಡ್ ಈಗ ಕಡೂರಿನ ಕಡೆ ಕೈ ತೋರಿಸುತ್ತಿತ್ತು. ಬೇಲೂರು ತಾಲ್ಲೂಕಿನ ಶಾಸನಗಳಿರುವುದು ಹಾಸನದ ಸಂಪುಟದಲ್ಲಿ!

ಐಬಿಡ್ ಅಂದರೆ ಲ್ಯಾಟಿನ್ನಿನ ‘ಇಬಿಡೆಮ್’, ಅದೇ ಜಾಗದಲ್ಲಿ ಅಂತ. ಹಿಂದೆ ಯುರೋಪಿನಲ್ಲಿ ಚರ್ಮದ ಹಾಳೆಯ ಮೇಲೆ ಕೈಯಲ್ಲೇ ಬರೆಯಬೇಕಿತ್ತು. ಹಾಳೆ ದುಬಾರಿ, ಕೆಲಸವೂ ಜಾಸ್ತಿ, ಹಾಗಾಗಿ ಪದಗಳನ್ನು ಮೊಟಕು ಮಾಡುವುದು ರೂಢಿಯಾಯಿತು. ‘ಅಂದರೆ’ ಎನ್ನಲು ಬಳಸುವ ‘ವಿಜ್.’ ನೋಡಿ. ಅದರ ಮೂಲಪದ ‘ವಿಡೆಲಿಸೆಟ್’ನಲ್ಲಿ ಝಡ್ ಅಕ್ಷರವೇ ಇಲ್ಲ. ಕೊನೆಯ ‘ಎಟ್’ ಬದಲು ಹಾಕುತ್ತಿದ್ದ, 3ರಂತೆ ಕಾಣುವ ಗುರುತೇ ಅಚ್ಚಿನಲ್ಲಿ ಝಡ್ ಆಗಿ ಕೂತಿತು.

ಆಗ ಓದುವವರಿಗೂ ಲ್ಯಾಟಿನ್ ಬರುತ್ತಿತ್ತು. ನ್ಯೂಟನ್ 1687ರಲ್ಲಿ ‘ಪ್ರಿನ್ಸಿಪಿಯಾ’ ತಂದಿದ್ದು ಲ್ಯಾಟಿನ್ನಿನಲ್ಲಿ, 1704ರಲ್ಲಿ ‘ಆಪ್ಟಿಕ್ಸ್’ ತಂದಿದ್ದು ಇಂಗ್ಲಿಷಿನಲ್ಲಿ. ಭಾಷೆ ಬದಲಾಯಿತು, ಮೊಟಕು ಪದಗಳು ಮಾತ್ರ ಉಳಿದವು.

ನನಗೆ ಜಾಸ್ತಿ ಬೇಸರ ‘ಸಿಎಫ್.’ ಬಗ್ಗೆ. ಅದು ‘ಕನ್ಫರ್’, ಅಂದರೆ ಹೋಲಿಸಿ ನೋಡಿ ಅಂತ. ಬಹಳ ಜನ ಅದನ್ನು ಬರೀ ‘ನೋಡಿ’ ಅನ್ನುವ ಅರ್ಥದಲ್ಲಿ ಹಾಕುತ್ತಾರೆ. ಒಬ್ಬ ವಿದ್ವಾಂಸರು ನಿಮ್ಮ ಮಾತನ್ನು ಒಪ್ಪುತ್ತಾರೋ, ಬೇರೆ ಹೇಳುತ್ತಾರೋ ಅನ್ನುವ ದೊಡ್ಡ ವಿಷಯವೇ ಅಲ್ಲಿ ಮಸುಕಾಗುತ್ತದೆ ಅಲ್ವಾ? ‘ಆಪ್. ಸಿಟ್.’, ಅಂದರೆ ಹಿಂದೆ ಹೇಳಿದ ಪುಸ್ತಕದಲ್ಲಿ ಅನ್ನುವುದು, ಇನ್ನೂ ಕಷ್ಟ. 90ನೇ ಪುಟದಲ್ಲಿ ಅದನ್ನು ಕಂಡವರು ಪುಸ್ತಕದ ಹೆಸರಿಗಾಗಿ ಹಿಂದಿನ ಪುಟಗಳನ್ನೆಲ್ಲ ತಿರುವಬೇಕು. ನಮ್ಮ ಕಚೇರಿಗಳ ಇಂಗ್ಲಿಷ್ ಪತ್ರಗಳಲ್ಲಿ ‘ವೈಡ್’ ಅಂತ ಓದುವ ಪದವೂ ಲ್ಯಾಟಿನ್ನೇ, ‘ನೋಡಿ’ ಅಂತ ಅರ್ಥ. ಕನ್ನಡ ಪತ್ರದಲ್ಲಿ ‘ಉಲ್ಲೇಖ’ ಅಂದರೆ ಅರ್ಜಿ ಹಿಡಿದು ಬಂದವರಿಗೂ ತಿಳಿಯುತ್ತದೆ.

ಬರವಣಿಗೆಯ ರೀತಿ ನೀತಿ ಹೇಳುವ ಅಮೆರಿಕದ ಕೈಪಿಡಿ ‘ಶಿಕಾಗೋ ಮ್ಯಾನುಯಲ್ ಆಫ್ ಸ್ಟೈಲ್’ ಕೂಡ 2017ರ 17ನೇ ಆವೃತ್ತಿಯಲ್ಲಿ ಐಬಿಡ್ ಬದಲು ಲೇಖಕರ ಹೆಸರು, ಚುಟುಕು ಶೀರ್ಷಿಕೆ ಕೊಡುವುದೇ ಮೇಲು ಅಂದಿತು. ತೆರೆಯ ಮೇಲೆ ಒಂದೊಂದೇ ಟಿಪ್ಪಣಿ ಕಾಣುವಾಗ ‘ಅದೇ ಜಾಗ’ ಯಾವುದು ಅಂತ ಹೇಗೆ ಗೊತ್ತಾಗಬೇಕು? ನಮ್ಮ ಕನ್ನಡ ಪ್ರಬಂಧಗಳ ‘ಅದೇ, ಪುಟ 45’ ಅರ್ಥವೇನೋ ಆಗುತ್ತದೆ, ನಡುವೆ ಟಿಪ್ಪಣಿ ಸೇರಿದರೆ ಅದೂ ದಾರಿ ತಪ್ಪುತ್ತದೆ.

ಅವಳ ಪ್ರಬಂಧದಲ್ಲಿ ಐಬಿಡ್ ಇದ್ದಲ್ಲೆಲ್ಲ ‘ರೈಸ್, ಹಾಸನ, ಪುಟ 52’ ಅನ್ನುವ ಹಾಗೆ ಬಿಡಿಸಿ ಬರೆದೆವು. ಸಿಎಫ್‌ಗಳನ್ನು ಒಂದೊಂದಾಗಿ ಪುಸ್ತಕ ತೆಗೆದು ನೋಡುತ್ತಿದ್ದಾಳೆ, ಇನ್ನೂ ಮುಗಿದಿಲ್ಲ.