ಪದ ಪರಿಚಯ: ಮಿನಿಮಲಿಸ್ಟ್ ಬೆಡ್‌ರೂಮ್

ಮಲಗುವುದಕ್ಕೆ ಬೇಕಾದಷ್ಟೇ ಸಾಮಾನು ಇರುವ, ಇರುವಷ್ಟೂ ಸಾಮಾನಿಗೆ ಒಂದೊಂದು ಜಾಗ ಗೊತ್ತಾಗಿರುವ ಕೋಣೆಯೇ ಮಿನಿಮಲಿಸ್ಟ್ ಬೆಡ್‌ರೂಮ್. ಅರ್ಥ ಇಷ್ಟೇ. ಅಚ್ಚ ಬಿಳಿ ಗೋಡೆ, ಬೂದು ಬಣ್ಣದ ಹೊದಿಕೆ, ನೆಲಕ್ಕಂಟಿದಂಥ ತಗ್ಗು ಮಂಚ, ಮೂಲೆಯ ಕುಂಡದಲ್ಲಿ ಒಣಹುಲ್ಲು, ಇವೆಲ್ಲ ಮಾರುವವರು ಆಮೇಲೆ ಸೇರಿಸಿದ್ದು. ಹಾಸನದಲ್ಲಿ ಈಗ ಫರ್ನಿಚರ್ ಅಂಗಡಿಗೆ ಹೋಗಿ ‘ಸಿಂಪಲ್ಲಾಗಿರೋ ಮಂಚ ತೋರಿಸಿ’ ಅಂದರೆ ‘ಮಿನಿಮಲ್ ಡಿಸೈನಾ ಸಾರ್?’ ಎಂದು ಮರುಪ್ರಶ್ನೆ ಬರುತ್ತದೆ. ಕೆತ್ತನೆ ಇರುವ ಮಂಚಕ್ಕಿಂತ ಕೆತ್ತನೆ ಇಲ್ಲದ್ದಕ್ಕೇ ಜಾಸ್ತಿ ರೇಟು ಹೇಳಿದರೆ ಗಾಬರಿಯಾಗಬೇಡಿ. ಮಿನಿಮಲಿಸಂಗೂ ಅಗ್ಗಕ್ಕೂ ಮೊದಲಿನಿಂದಲೂ ಅಂಥ ನೆಂಟಸ್ತಿಕೆ ಏನಿಲ್ಲ.

ಮಾತು ಹುಟ್ಟಿದ್ದು ಮನೆಯಲ್ಲಲ್ಲ, ಕಲಾ ವಿಮರ್ಶೆಯಲ್ಲಿ. 1965ರಲ್ಲಿ ಬ್ರಿಟನ್ನಿನ ತತ್ತ್ವಶಾಸ್ತ್ರಜ್ಞ ರಿಚರ್ಡ್ ವೋಲ್‌ಹೈಮ್ ಬರೆದ ಒಂದು ಲೇಖನದಿಂದ ‘ಮಿನಿಮಲ್ ಆರ್ಟ್’ ಎಂಬ ಹೆಸರು ಚಾಲ್ತಿಗೆ ಬಂತು. ಲೋಹದ ಪೆಟ್ಟಿಗೆಗಳು, ಸಾಲಾಗಿ ಜೋಡಿಸಿದ ಇಟ್ಟಿಗೆಗಳು, ಇಂಥವನ್ನೇ ಕಲಾಕೃತಿ ಎಂದು ಮುಂದಿಟ್ಟ ನ್ಯೂಯಾರ್ಕಿನ ಕಲಾವಿದರಿಗೆ ಅದು ಅಂಟಿಕೊಂಡಿತು. ವಾಸ್ತುಶಿಲ್ಪದಲ್ಲಿ ಆ ಹೆಸರು ಬರುವ ಮೊದಲೇ ಅದರ ಕೆಲಸ ಶುರುವಾಗಿತ್ತು. 1929ರಲ್ಲಿ ಜರ್ಮನಿಯ ವಾಸ್ತುಶಿಲ್ಪಿ ಮೀಸ್ ವಾನ್ ಡೆರ್ ರೋಹೆ ಸ್ಪೇನಿನ ಬಾರ್ಸಿಲೋನಾದಲ್ಲಿ ಕಟ್ಟಿದ ಜರ್ಮನ್ ಪೆವಿಲಿಯನ್ನಿನಲ್ಲಿ ಅಲಂಕಾರವೆಂದು ಬಿಡಿಸಿ ತೋರಿಸುವುದಕ್ಕೆ ಹೆಚ್ಚೇನೂ ಇರಲಿಲ್ಲ, ನಿಜ. ಆದರೆ ಬೋಳಾಗಿ ನಿಂತಿದ್ದ ಆ ಗೋಡೆಗಳು ಅಮೃತಶಿಲೆಯವು, ಓನಿಕ್ಸ್ ಕಲ್ಲಿನವು. ಸರಳವಾಗಿ ಕಾಣುವುದಕ್ಕೆ ಸುರಿದ ದುಡ್ಡು ಕಡಿಮೆಯದಲ್ಲ.

ಇದಕ್ಕೆ ತದ್ವಿರುದ್ಧವಾದದ್ದು ಅಮೆರಿಕದ ಕಲಾವಿದ ಡೊನಾಲ್ಡ್ ಜಡ್ ಅವರ ಕಥೆ. ಮಿನಿಮಲಿಸ್ಟ್ ಎಂದು ಎಲ್ಲರೂ ಕರೆದದ್ದು ಅವರನ್ನೇ, ಆ ಹೆಸರು ಅವರಿಗೆ ಮಾತ್ರ ಹಿಡಿಸುತ್ತಿರಲಿಲ್ಲ. 1970ರ ದಶಕದಲ್ಲಿ ಮಕ್ಕಳನ್ನು ಕರೆದುಕೊಂಡು ಟೆಕ್ಸಾಸಿನ ಮಾರ್ಫಾ ಎಂಬ ಸಣ್ಣ ಊರಿಗೆ ಹೋದರು. ಅಲ್ಲಿ ಸಿಗುತ್ತಿದ್ದ ಫರ್ನಿಚರು ಹಳೇ ಕಾಲದ್ದರ ನಕಲು, ಇಲ್ಲವೇ ಪ್ಲಾಸ್ಟಿಕ್ಕು. ಕೈಯಲ್ಲಿ ಸಲಕರಣೆಯೂ ಇಲ್ಲ. ಮರದ ಡಿಪೋದಲ್ಲೇ ಹಲಗೆಗಳನ್ನು ಅಳತೆಗೆ ಕುಯ್ಯಿಸಿಕೊಂಡು ಬಂದು, ಮಕ್ಕಳಿಬ್ಬರಿಗೂ ಸೇರಿ ನಡುವೆ ಒಂದು ತಡೆ ಇಟ್ಟು ಮಂಚ ಜೋಡಿಸಿದರು. ಇವತ್ತು ಜಡ್ ಮಾದರಿಯ ಪೀಠೋಪಕರಣ ಸಿರಿವಂತರ ಮನೆಯ ಸಾಮಾನು. ಅದು ಶುರುವಾದದ್ದು ಮಾತ್ರ ಊರಿನ ಡಿಪೋದಲ್ಲಿ, ಸಿಕ್ಕಿದ ಹಲಗೆಯಲ್ಲಿ.

ಇದನ್ನು ಹಾಸನ, ಚಿಕ್ಕಮಗಳೂರಿನವರು ಮಾಡುವುದು ಕಷ್ಟವೇನಲ್ಲ. ಕಾಫಿ ತೋಟದ ನೆರಳಿಗೆ, ಮೆಣಸಿನ ಬಳ್ಳಿ ಹಬ್ಬಿಸುವುದಕ್ಕೆ ಬೆಳೆಸಿದ ಸಿಲ್ವರ್ ಓಕ್ ಈ ಕಡೆಯ ಸಾಮಿಲ್ಲುಗಳಲ್ಲಿ ಸಿಗುತ್ತದೆ. ತೇಗದ ಹತ್ತಿರಕ್ಕೂ ಬರದ ಬೆಲೆ. ನಾಲ್ಕು ಕಾಲು, ಸುತ್ತ ಪಟ್ಟಿ, ಮೇಲೆ ಸಂದು ಬಿಟ್ಟು ಹೊಡೆದ ಹಲಗೆ, ಇಷ್ಟಕ್ಕೆ ಊರಿನ ಆಚಾರಿ ಸಾಕು. ಒಣಗಿದ ಮರವೇ ಬೇಕೆಂದು ಪಟ್ಟು ಹಿಡಿಯಿರಿ. ಹಸಿ ಮರ ಒಂದು ಬೇಸಿಗೆ ಕಳೆಯುವುದರೊಳಗೆ ಸೊಟ್ಟಗಾಗಿ ಕಿರ್ ಕಿರ್ ಅನ್ನುವುದಕ್ಕೆ ಶುರುಮಾಡುತ್ತದೆ. ತಲೆಯ ಕಡೆ ಹೂವು ಬಳ್ಳಿ ಕೆತ್ತಿಸುವ ದುಡ್ಡನ್ನು ಮರಳು ಕಾಗದ ಉಜ್ಜುವ ಕೂಲಿಗೆ ಕೊಡಿ. ಅಲಂಕಾರ ತೆಗೆದ ಮೇಲೆ ಕಣ್ಣಿಗೆ ಬೀಳುವುದು ನುಣುಪು ಒಂದೇ.

ಈ ಮಾತು ಅನುಮಾನ ಅನ್ನಿಸಿದರೆ ಹಳೇಬೀಡಿಗೆ ಹೋಗಿ ಬನ್ನಿ. ಹೊಯ್ಸಳೇಶ್ವರ ದೇವಸ್ಥಾನದಲ್ಲಿ ಬೆರಳಿಡುವಷ್ಟೂ ಖಾಲಿ ಜಾಗ ಬಿಟ್ಟಿಲ್ಲ. ಆನೆ, ಕುದುರೆ, ಮಕರ, ಹಂಸ ಸಾಲುಸಾಲು. ಪ್ರವಾಸಿ ಬಸ್ಸುಗಳು ಅಲ್ಲಿಂದಲೇ ತಿರುಗಿ ಹೋಗುತ್ತವೆ. ಅಲ್ಲಿಗೆ ಹತ್ತಿರದಲ್ಲೇ ಬಸದಿಹಳ್ಳಿ. ಅಲ್ಲಿಯ ಪಾರ್ಶ್ವನಾಥ ಬಸದಿ 1133ರದು, ಅದೇ ಹೊಯ್ಸಳರ ಕಾಲ, ಅದೇ ಬಳಪದ ಕಲ್ಲು. ಹೊರಗೋಡೆ ಮಾತ್ರ ಹೆಚ್ಚುಕಡಿಮೆ ಬೋಳು. ಒಳಗೆ ನವರಂಗದಲ್ಲಿ ಕಡೆದ ಕಂಬಗಳು ನಿಂತಿವೆ. ಎಂಟುನೂರು ವರ್ಷ ದಾಟಿದರೂ ಹತ್ತಿರ ಹೋದವರ ಮುಖ ಕಾಣುವಷ್ಟು ನುಣುಪು. ಕೆತ್ತದೆ ಬಿಟ್ಟರೆಂದು ಕೆಲಸ ಉಳಿಯಿತು ಅಂತಲ್ಲ, ಕೆಲಸವೆಲ್ಲ ಉಜ್ಜುವುದಕ್ಕೆ ಹೋಯಿತು. ಮಿನಿಮಲಿಸಂ ಏನೆಂದು ಯಾರಾದರೂ ಕೇಳಿದರೆ ಬಾರ್ಸಿಲೋನಾಕ್ಕಿಂತ ಮೊದಲು ನನಗೆ ನೆನಪಾಗುವುದು ಆ ಕಂಬಗಳು.

ಇನ್ನು ಬೆಡ್‌ರೂಮಿನ ವಿಷಯ. ನಮ್ಮ ಮನೆಗಳಲ್ಲಿ ಹಾಲ್ ನೆಂಟರಿಗೆ ಅಂತ ಇರುತ್ತದೆ. ಅಲ್ಲಿ ಇಡಲಾಗದ್ದೆಲ್ಲ ಬೆಡ್‌ರೂಮಿಗೆ. ಗೇಟು ಕಿರ್ರೆಂದರೆ ಸಾಕು, ದಿವಾನದ ಮೇಲಿನ ಬಟ್ಟೆ ಗುಡ್ಡೆಯನ್ನು ಎರಡೂ ಕೈಲಿ ಬಾಚಿ ಒಳಗೆ ಎಸೆದು ಬಾಗಿಲು ಎಳೆಯುವುದು. ಬೀರುವಿನ ಮೇಲೆ ಸೂಟ್‌ಕೇಸು, ಅದರ ಮೇಲೆ ವಾರಂಟಿ ಮುಗಿದು ಯಾವ ಕಾಲವೋ ಆದ ಮಿಕ್ಸಿಯ ಖಾಲಿ ಡಬ್ಬ. ಮಂಚದ ಕೆಳಗೆ ಮದುವೆಗೆ ಬಂದ ಸ್ಟೀಲ್ ಪಾತ್ರೆ. ಬೆಳೆಗಾರರ ಮನೆಯಾದರೆ ರೇಟು ಬರಲಿ ಎಂದು ಕಾದು ಕುಳಿತ ಕಾಳುಮೆಣಸಿನ ಮೂಟೆ ಬೇರೆ. ಮನೆ ಓರಣ ಮಾಡುವುದರ ಬಗ್ಗೆ ಪುಸ್ತಕ ಬರೆದ ಜಪಾನಿನ ಮರಿಯೆ ಕೊಂಡೊ ಹೇಳುವಂತೆ ಒಂದೊಂದನ್ನೇ ಕೈಗೆತ್ತಿಕೊಂಡು ‘ಇದು ನನಗೆ ಖುಷಿ ಕೊಡುತ್ತಾ?’ ಎಂದು ಕೇಳಿಕೊಳ್ಳುವುದು ಸರಿಯೇ. ಮೆಣಸಿನ ಮೂಟೆಗೆ ಆ ಪ್ರಶ್ನೆ ಹೊಂದುವುದಿಲ್ಲ, ಅದು ಖುಷಿ ಕೊಡುವುದು ಮಾರಿದ ದಿನ. ಹಾಗಾಗಿ ಇಲ್ಲಿ ಕೇಳಬೇಕಾದ್ದು ಬೇರೆ: ಇದು ಮಲಗುವ ಕೋಣೆಯಲ್ಲೇ ಇರಬೇಕಾ? ಇರಲೇಬೇಕಾದರೆ ಮಲಗಿದಾಗ ಕಣ್ಣಿಗೆ ಬೀಳಬೇಕಾ?

ಮೊದಲ ಪ್ರಶ್ನೆಗೇ ಅರ್ಧ ಕೋಣೆ ಖಾಲಿಯಾಗುತ್ತದೆ, ಒಂದು ರೂಪಾಯಿ ಖರ್ಚಿಲ್ಲದೆ. ಡಬ್ಬ, ಮೂಟೆ ಹೊರಗೆ ಸಾಗಿಸುವಾಗ ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ಇಣುಕಿ ‘ಏನಕ್ಕಾ, ಮನೆ ಖಾಲಿ ಮಾಡ್ತಿದೀರಾ?’ ಎಂದು ಕೇಳಿಯೇ ಕೇಳುತ್ತಾರೆ, ಬಿಡಿ.

ಎರಡನೆಯದಕ್ಕೆ ಉತ್ತರ ಬಾಡಿಗೆ ಮನೆಯಲ್ಲೂ ಇದೆ. ಈ ಕಡೆಯ ಬಾಡಿಗೆ ಮನೆಗಳಲ್ಲಿ ಬೆಡ್‌ರೂಮಿನ ಒಂದು ಗೋಡೆಗೆ ಕಡಪ ಕಲ್ಲಿನ ಶೆಲ್ಫು, ಮೇಲೊಂದು ಸಜ್ಜೆ ಇರುತ್ತದೆ. ಬಾಗಿಲು ಇರುವುದಿಲ್ಲ. ಅದಕ್ಕೆ ಪ್ಲೈವುಡ್ ಬಾಗಿಲು ಮಾಡಿಸಲು ಹೋದರೆ ಹಣ ಓನರ್ ಮನೆಗೆ ಹೋದ ಹಾಗೆ. ಎರಡು ಹುಕ್ಕಿಗೆ ಸ್ಪ್ರಿಂಗ್ ತಂತಿ ಎಳೆದು, ಮೇಲಿಂದ ನೆಲದವರೆಗೆ ಒಂದೇ ಪರದೆ ಇಳಿಬಿಡಿ. ಬಟ್ಟೆ ಗೋಡೆಯ ಬಣ್ಣಕ್ಕೆ ಹತ್ತಿರವಿರಲಿ, ಹೂವು ಚಿತ್ತಾರ ಬೇಡ. ಕೋರಾ ಬಟ್ಟೆಯಾದರೆ ಅಗ್ಗ. ಹೊಲಿಸುವ ಮೊದಲು ಒಮ್ಮೆ ನೆನೆಸಿ ಒಣಗಿಸಿ, ಇಲ್ಲದಿದ್ದರೆ ಮೊದಲ ಒಗೆತಕ್ಕೇ ಕುಗ್ಗಿ ಮೊಣಕಾಲಿಗೆ ಬರುತ್ತದೆ. ಶೆಲ್ಫಿನೊಳಗೆ ಏನೇ ಇರಲಿ, ಮಂಚದಿಂದ ನೋಡಿದರೆ ಅಲ್ಲಿರುವುದು ಇನ್ನೊಂದು ಗೋಡೆ. ಅಪ್ಪಟ ಮಿನಿಮಲಿಸ್ಟರು ಇದನ್ನು ಮೋಸ ಅನ್ನುತ್ತಾರೆ. ಅನ್ನಲಿ.

ಕುರ್ಚಿಯ ಮೇಲೆ ಬೆಳೆಯುವ ಬಟ್ಟೆ ಗುಡ್ಡೆಗೂ ಮದ್ದು ಇಲ್ಲೇ. ಅವು ಒಂದು ಸಲ ಹಾಕಿದ, ಒಗೆಯುವಷ್ಟು ಕೊಳೆಯಾಗದ, ಬೀರುವಿಗೆ ಸೇರಿಸಲು ಮನಸ್ಸು ಬಾರದ ಬಟ್ಟೆಗಳು. ಅವಕ್ಕೆಂದೇ ಬಾಗಿಲ ಹಿಂದೆ ಎರಡು ಮೊಳೆ ಸಾಕು. ಮೂರನೆಯದು ಹೊಡೆಯಬೇಡಿ.

ಹೋಮ್‌ಸ್ಟೇಗೆ ಹೋಗಿ ಬಂದವರು ‘ಆ ರೂಮು ಎಷ್ಟು ಶಾಂತವಾಗಿತ್ತು’ ಎಂದು ಅದೇ ಪರದೆ, ಅದೇ ದೀಪ ಹುಡುಕಿಕೊಂಡು ಹೊರಡುವುದುಂಟು. ಆ ಶಾಂತಿ ಪರದೆಯದಲ್ಲ. ಅಲ್ಲಿ ನಿಮ್ಮ ಕರೆಂಟ್ ಬಿಲ್ಲು, ಮಕ್ಕಳ ಮಾರ್ಕ್ಸ್ ಕಾರ್ಡು, ಇಸ್ತ್ರಿಗೆ ಕಾದ ಬಟ್ಟೆ ಇರಲಿಲ್ಲ, ಅಷ್ಟೇ.

ಈಗ ಯಾವ ವಿದೇಶಿ ಚಿತ್ರದಲ್ಲೂ ಕಾಣದ ಸಂಗತಿಗೆ ಬರೋಣ: ಥಂಡಿ. ನೆಲದ ಮೇಲೇ ಹಾಸಿಗೆ ಹಾಕಿ, ಮಂಚದ ಖರ್ಚು ಉಳಿಸಿ, ಅದನ್ನೇ ಮಿನಿಮಲಿಸಂ ಅನ್ನುವ ಚಿತ್ರಗಳು ಫೋನಿನಲ್ಲಿ ಬೇಕಾದಷ್ಟು ಸಿಗುತ್ತವೆ. ಅರಸೀಕೆರೆಯಲ್ಲಿ ಇದು ನಡೆದೀತು. ಅದೇ ಜಿಲ್ಲೆಯ ಸಕಲೇಶಪುರದಲ್ಲಿ, ಅಥವಾ ಮೂಡಿಗೆರೆಯಲ್ಲಿ, ಜೂನ್ ಕಳೆದು ಹಾಸಿಗೆ ಎತ್ತಿ ನೋಡಿ: ಅಡಿಯಲ್ಲಿ ಬೂಷ್ಟು. ಮೈಯ ಬೆವರಿನ ತೇವ ಹಾಸಿಗೆಯಲ್ಲಿ ಇಳಿದು ತಣ್ಣನೆಯ ನೆಲಕ್ಕೆ ತಾಗಿ ಅಲ್ಲೇ ನಿಲ್ಲುತ್ತದೆ, ಗಾಳಿ ಆಡುವುದಿಲ್ಲ. ಜಪಾನಿನವರು ನೆಲದ ಮೇಲೆ ಫ್ಯೂಟಾನ್ ಎಂಬ ಮಡಚುವ ಹಾಸಿಗೆ ಹಾಸುತ್ತಾರೆ, ಸರಿ. ಬೆಳಿಗ್ಗೆ ಮಡಚಿ ಕಪಾಟಿಗೂ ಇಡುತ್ತಾರೆ, ಬಿಸಿಲಿಗೂ ಹಾಕುತ್ತಾರೆ. ಚಿತ್ರದಲ್ಲಿ ಆ ಭಾಗ ಬರುವುದಿಲ್ಲ. ನಮ್ಮ ಅಜ್ಜಿಯರೂ ಬೆಳಗಾದರೆ ಹಾಸಿಗೆ ಸುತ್ತಿಡುತ್ತಿದ್ದರು. ಹಾಗೆಂದು ಅವರನ್ನು ಮಿನಿಮಲಿಸ್ಟರ ಪಟ್ಟಿಗೆ ಸೇರಿಸುವುದು ಬೇಡ. ಅವರ ಅಟ್ಟ ಹತ್ತಿ ನೋಡಿದವರಿಗೆ ಗೊತ್ತು.

ಆದ್ದರಿಂದ ಈ ಕಡೆಗೆ ಕಾಲು ಇರುವ ಮಂಚವೇ ಸರಿ. ಒಳಗೆ ಸಾಮಾನು ತುಂಬುವ ಬಾಕ್ಸ್ ಮಂಚ ಜಾಗ ಉಳಿಸುತ್ತದೆ ನಿಜ, ಆದರೆ ಮಲೆನಾಡಿನ ಮಳೆಗಾಲದಲ್ಲಿ ಅದರೊಳಗಿಟ್ಟ ರೇಷ್ಮೆ ಸೀರೆ, ಚರ್ಮದ ಚಪ್ಪಲಿ ಗತಿ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಮಂಚವನ್ನೂ ಬೀರುವನ್ನೂ ಮಳೆ ಹೊಡೆಯುವ ಗೋಡೆಯಿಂದ ನಾಲ್ಕು ಬೆರಳು ಮುಂದೆ ಎಳೆದಿಡಿ. ಕೋಣೆಯಲ್ಲಿ ಅಡ್ಡಹಗ್ಗ ಕಟ್ಟಿ ಒದ್ದೆ ಬಟ್ಟೆ ಹರವುವುದನ್ನು ಆದಷ್ಟು ತಪ್ಪಿಸಿ, ಬಟ್ಟೆಯ ನೀರೆಲ್ಲ ಗೋಡೆಗೇ ಹೋಗಿ ಕೂರುತ್ತದೆ. ಬಟ್ಟೆ ಒಣಗಿಸುವುದಕ್ಕೆ ಬಚ್ಚಲ ಹಂಡೆಯ ಒಲೆ ಇನ್ನೂ ಉಳಿದಿರುವ ಮನೆಯವರು ಪುಣ್ಯವಂತರು.

ಗೋಡೆಗೂ ಇದೇ ಲೆಕ್ಕ. ಥಂಡಿ ಹಿಡಿಯುವ ಗೋಡೆಗೆ ದುಬಾರಿ ಎಮಲ್ಷನ್ ಬಳಿದರೆ ತೇವ ಒಳಗೇ ಸಿಕ್ಕಿಬಿದ್ದು ಬಣ್ಣ ಗುಳ್ಳೆಯೆದ್ದು ಸುಲಿಯುತ್ತದೆ. ಸುಣ್ಣ ತೇವವನ್ನು ಹೊರಗೆ ಬಿಡುತ್ತದೆ, ಕ್ಷಾರ ಗುಣವಿರುವುದರಿಂದ ಬೂಷ್ಟಿಗೂ ಸುಲಭಕ್ಕೆ ಜಾಗ ಕೊಡುವುದಿಲ್ಲ. ಬೆಲೆಯಲ್ಲಂತೂ ಹೋಲಿಕೆಯೇ ಇಲ್ಲ. ಅಂಗಿಗೆ ಅಂಟುತ್ತದೆ ಎಂಬ ತಕರಾರಿಗೆ ಸ್ವಲ್ಪ ಗೋಂದು ಬೆರೆಸಿದರಾಯಿತು. ಈಗಾಗಲೇ ಪೇಂಟ್ ಆಗಿರುವ ಗೋಡೆಯ ಮೇಲೆ ಮಾತ್ರ ಸುಣ್ಣ ನಿಲ್ಲುವುದಿಲ್ಲ, ಹಳೆಯದನ್ನು ಪೂರ್ತಿ ಕೆರೆಸಬೇಕು. ಅಷ್ಟು ಪಾಡು ಬೇಡವೆಂದರೆ ಇರುವ ಬಣ್ಣವೇ ಇರಲಿ. ತಿಳಿ ಹಸಿರು ಗೋಡೆಯಿದ್ದರೆ ಮಿನಿಮಲಿಸಂಗೆ ಏನೂ ಧಕ್ಕೆಯಿಲ್ಲ.

ನೂರಿನ್ನೂರು ರೂಪಾಯಿಯೊಳಗೆ ಕೋಣೆಯ ಚಹರೆಯೇ ಬದಲಾಗಬೇಕೆಂದರೆ ಬಲ್ಬು ಬದಲಾಯಿಸಿ. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಉರಿಯುವುದು 6500 ಕೆಲ್ವಿನ್‌ನ (ಬೆಳಕಿನ ಬಣ್ಣದ ಅಳತೆ ಇದು) ‘ಕೂಲ್ ಡೇಲೈಟ್’. ಅದರಲ್ಲಿರುವ ನೀಲಿ ಅಂಶ ನಿದ್ದೆ ತರಿಸುವ ಮೆಲಟೋನಿನ್ ಹಾರ್ಮೋನನ್ನು ತಡೆಯುತ್ತದೆ. ಡಬ್ಬದ ಮೇಲೆ 2700 ಅಥವಾ 3000 ಕೆಲ್ವಿನ್, ‘ವಾರ್ಮ್ ವೈಟ್’ ಎಂದಿರುವುದನ್ನು ಕೇಳಿ ತನ್ನಿ. ಅಂಗಡಿಯವರು ‘ಅದು ಹಳದಿ ಬರುತ್ತೆ, ಬೆಳಕು ಸಾಲಲ್ಲ’ ಅನ್ನಬಹುದು. ಮಲಗುವ ಕೋಣೆಗೆ ಅಷ್ಟು ಸಾಕು.

ಇದರ ಆಸುಪಾಸಿನ ಇನ್ನು ಕೆಲವು ಮಾತುಗಳು ಈಗ ಕಿವಿಗೆ ಬೀಳುತ್ತವೆ. ‘ಜಪಾಂಡಿ’ ಅಂದರೆ ಜಪಾನಿ ಮತ್ತು ಸ್ಕ್ಯಾಂಡಿನೇವಿಯನ್ ಶೈಲಿಗಳ ಬೆರಕೆ, ಅದು ಒಂದು ನೋಟ, ಮಿನಿಮಲಿಸಂನ ಹಾಗೆ ಧೋರಣೆಯಲ್ಲ. ‘ಡಿಕ್ಲಟರಿಂಗ್’ ಬೇಡದ್ದನ್ನು ತೆಗೆಯುವ ಕೆಲಸ; ಅದು ಮಿನಿಮಲಿಸಂನ ಮೊದಲ ಹೆಜ್ಜೆ, ಅದೇ ಮಿನಿಮಲಿಸಂ ಅಲ್ಲ. ‘ಕ್ಯಾಪ್ಸೂಲ್ ವಾರ್ಡ್‌ರೋಬ್’ ಎಂದರೆ ಕೆಲವೇ ಜೊತೆ ಬಟ್ಟೆಗಳನ್ನು ಒಂದಕ್ಕೊಂದು ಹೊಂದಿಸಿ ವರ್ಷವಿಡೀ ನಿಭಾಯಿಸುವುದು. ಒಗೆದದ್ದು ಸಂಜೆಗೆ ಒಣಗುವ ಊರಿಗೆ ಹೊಂದುವ ಏರ್ಪಾಡು ಅದು. ಜುಲೈ ತಿಂಗಳಲ್ಲಿ ಮೂರು ದಿನವಾದರೂ ಜೀನ್ಸಿನ ಸೊಂಟಪಟ್ಟಿ ಒದ್ದೆಯಾಗಿಯೇ ಇರುವ ಕಡೆ, ಬೆಡ್‌ಶೀಟು ಎರಡಲ್ಲ, ನಾಲ್ಕು ಜೊತೆ ಇಟ್ಟುಕೊಳ್ಳಿ.