ಓದುಗರ ಪ್ರಶ್ನೆ: ತೋಟದ ರೈಲಿನ ಪುಟ್ಟ ನಿಲ್ದಾಣವನ್ನು ಮಳೆಗೆ ಬಿಟ್ಟರೆ ತಾನಾಗಿಯೇ ಹಳತಾಗುವುದಿಲ್ಲವೇ?

ಪ್ರಶ್ನೆ: ಮನೆಯ ಹಿತ್ತಿಲಿನಲ್ಲಿ 45 ಮಿ.ಮೀ. ಅಗಲದ ಹಳಿ ಹಾಸಿ ಪುಟ್ಟ ರೈಲು ಓಡಿಸುತ್ತಿದ್ದೇನೆ. ಅದರ ಪಕ್ಕದಲ್ಲಿ ಹೆಂಚಿನ ನಿಲ್ದಾಣವೊಂದನ್ನು ನಾನೇ ಕಟ್ಟಿದ್ದೇನೆ. ಆದರೆ ನೋಡಿದವರೆಲ್ಲ ಅದು ಆಟಿಕೆಯಂತಿದೆ ಎನ್ನುತ್ತಾರೆ. ಒಂದೆರಡು ಮಳೆಗಾಲ ಹೊರಗೇ ಬಿಟ್ಟರೆ ಅದಕ್ಕೆ ಹಳೆಯ ಕಟ್ಟಡದ ಕಳೆ ಬರುವುದಿಲ್ಲವೇ?

ಉತ್ತರ: ಬರುವುದಿಲ್ಲ. ಏಕೆಂದರೆ ನಾವು ಕಟ್ಟಡವನ್ನು ಕುಗ್ಗಿಸಿದ್ದೇವೆಯೇ ಹೊರತು ಮಳೆಯನ್ನು ಕುಗ್ಗಿಸಿಲ್ಲ.

ಲೆಕ್ಕ ಹಾಕಿ ನೋಡೋಣ. ತೋಟದ ರೈಲನ್ನು ಮನೆಮನೆಗೆ ತಲುಪಿಸಿದ್ದು 1968ರಲ್ಲಿ ಜರ್ಮನಿಯ ನ್ಯೂರೆಂಬರ್ಗ್‌ನ ಲೇಮನ್ ಕಂಪನಿ ಹೊರತಂದ ಎಲ್‌ಜಿಬಿ ರೈಲುಗಳು. ಅವುಗಳ ಅನುಪಾತ 1:22.5. ನಿಮ್ಮ 45 ಮಿ.ಮೀ. ಹಳಿಯನ್ನು 22.5ರಿಂದ ಗುಣಿಸಿದರೆ 1012.5 ಮಿ.ಮೀ. ಬರುತ್ತದೆ, ಅಂದರೆ ಹೆಚ್ಚುಕಡಿಮೆ ಸರಿಯಾಗಿ ಮೀಟರ್ ಗೇಜ್. ಬ್ರಾಡ್‌ಗೇಜ್ ಆಗುವ ಮೊದಲಿನ ಶಿವಮೊಗ್ಗ–ತಾಳಗುಪ್ಪ ಮಾರ್ಗದಂಥ ಮಲೆನಾಡಿನ ಹಳಿಗೆ ಇದಕ್ಕಿಂತ ಒಪ್ಪುವ ಅಳತೆ ಬೇರೊಂದಿಲ್ಲ. ಆದ್ದರಿಂದ ನಿಮ್ಮ ನಿಲ್ದಾಣವನ್ನೂ ಅಲ್ಲಿಯದೆಂದೇ ಭಾವಿಸಿ ಉತ್ತರಿಸುತ್ತೇನೆ.

ನಿಜವಾದ ನಿಲ್ದಾಣದ ಗೋಡೆ ಸೂರಿನವರೆಗೆ ಮೂರೂವರೆ ಮೀಟರ್ ಎತ್ತರವಿದ್ದರೆ ನಿಮ್ಮದು ಸುಮಾರು 15.5 ಸೆಂ.ಮೀ. ಇರುತ್ತದೆ. ಜೋರು ಮಳೆಯಲ್ಲಿ ನೆಲದ ಕೆಂಪು ಮಣ್ಣು ಸಿಡಿದು ದೊಡ್ಡ ಗೋಡೆಯ ಬುಡದಲ್ಲಿ ಒಂದೂವರೆ ಅಡಿಯಷ್ಟು ಎತ್ತರಕ್ಕೆ ಕಲೆ ಕಟ್ಟುತ್ತದೆ. ಹಿತ್ತಿಲಿನ ಮಣ್ಣೂ ಅಷ್ಟೇ ಎತ್ತರಕ್ಕೆ ಸಿಡಿಯುವುದರಿಂದ ನಿಮ್ಮ ನಿಲ್ದಾಣ ಬುಡದಿಂದ ಮಾಡಿನವರೆಗೆ ಕೆಸರಿನಲ್ಲಿ ಮುಳುಗುತ್ತದೆ. ಎರಡು ಮಿ.ಮೀ. ದಪ್ಪದ ಹನಿ ಆ ಗೋಡೆಯ ಪಾಲಿಗೆ ನಾಲ್ಕೂವರೆ ಸೆಂ.ಮೀ. ಗಾತ್ರದ್ದು, ಅರ್ಧ ಸೆಂ.ಮೀ. ಪಾಚಿಯ ಮುದ್ದೆ ಹನ್ನೊಂದು ಸೆಂ.ಮೀ. ಎತ್ತರದ ಪೊದೆ. ಕಬ್ಬಿಣದ ಮೊಳೆಯೊಂದನ್ನು ಒಳಗೆ ಸೇರಿಸಿದ್ದರೆ ಅದರ ತುಕ್ಕು ಬಾಗಿಲಿನಷ್ಟು ಅಗಲಕ್ಕೆ ಇಳಿಯುತ್ತದೆ.

ಹೀಗಾಗಿ ಕೆಲಸ ಎರಡು. ನಿಜವಾದ ಮಳೆಯ ಗುರುತುಗಳು ಕಟ್ಟಡದ ಮೇಲೆ ಮೂಡದಂತೆ ತಡೆಯಬೇಕು. ಕುಗ್ಗಿದ ಮಳೆಯ ಗುರುತುಗಳನ್ನು ನಾವೇ ಮೂಡಿಸಬೇಕು. ಮೊದಲನೆಯದು ಸುಲಭ. ನಿಲ್ದಾಣವನ್ನು ಮಣ್ಣಿನ ಮೇಲೆ ಕೂರಿಸದೆ ಕಲ್ಲುಚಪ್ಪಡಿಯ ಮೇಲೆ ಕೂರಿಸಿ, ಸುತ್ತ ಒಂದೆರಡು ಅಡಿ ಅಗಲಕ್ಕೆ ಸಣ್ಣ ಜಲ್ಲಿ ಹಾಸಿದರೆ ಕೆಸರು ಸಿಡಿಯುವುದು ಬಹುಮಟ್ಟಿಗೆ ನಿಲ್ಲುತ್ತದೆ. ಒಳಗೆ ನೀರು ನಿಲ್ಲದಂತೆ ತಳವನ್ನು ತೆರೆದೇ ಇಡಬೇಕು. ಸ್ಕ್ರೂಗಳು ಹಿತ್ತಾಳೆಯವು ಅಥವಾ ಸ್ಟೇನ್‌ಲೆಸ್ ಸ್ಟೀಲಿನವು ಆಗಿರಲಿ. ಮರಗೆಲಸದ ಬಿಳಿ ಅಂಟು ನೀರಿಗೆ ಮೆತ್ತಗಾಗುವುದರಿಂದ ಕೀಲುಗಳಿಗೆ ಎರಡು ಟ್ಯೂಬ್‌ಗಳ ಎಪಾಕ್ಸಿಯನ್ನೇ ಬಳಸಬೇಕು.

ಎರಡನೆಯ ಕೆಲಸ ಬಣ್ಣದಿಂದ ಆರಂಭವಾಗುವುದಿಲ್ಲ, ಗೋಡೆಯಿಂದಲೇ ಆರಂಭವಾಗುತ್ತದೆ. ಹೆಚ್ಚಿನವರು ಎಡವುವುದೂ ಇಲ್ಲಿಯೇ. ಗೋಡೆಯನ್ನು ಪೂರ್ತಿ ಮುಗಿಸಿ, ಆಮೇಲೆ ಅದರ ಮೇಲೆ ಇಟ್ಟಿಗೆಯ ಚಿತ್ರ ಬರೆದು ಗಾರೆ ಉದುರಿದೆ ಎಂದು ತೋರಿಸಲು ಹೋದರೆ ಯಾರ ಕಣ್ಣೂ ಅದನ್ನು ನಂಬುವುದಿಲ್ಲ. ನಿಜವಾದ ಗೋಡೆ ಯಾವ ಕ್ರಮದಲ್ಲಿ ಎದ್ದಿತೋ ಅದೇ ಕ್ರಮದಲ್ಲಿ ನಿಮ್ಮದೂ ಏಳಬೇಕು. ನಾನು ಬಳಸುವುದು 6 ಮಿ.ಮೀ. ದಪ್ಪದ ಸಿಮೆಂಟ್ ಫೈಬರ್ ಬೋರ್ಡ್. ಅದನ್ನು ಕತ್ತರಿಸುವಾಗ ಏಳುವ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದಾದ್ದರಿಂದ ಮಾಸ್ಕ್ ಕಡ್ಡಾಯ. ಗಾರೆ ಉದುರಿರಬೇಕಾದ ಜಾಗದಲ್ಲಿ ಮೊದಲು ಚೂಪಾದ ಕಡ್ಡಿಯಿಂದ ಇಟ್ಟಿಗೆಯ ಸಾಲುಗಳನ್ನು ಗೀರಬೇಕು. ಒಂಬತ್ತು ಅಂಗುಲದ ಇಟ್ಟಿಗೆ ಇಲ್ಲಿ 10 ಮಿ.ಮೀ. ಉದ್ದ, 3 ಮಿ.ಮೀ.ಗಿಂತ ತುಸು ಹೆಚ್ಚು ಎತ್ತರ. ಅದಕ್ಕೆ ಇಟ್ಟಿಗೆಯ ಬಣ್ಣ ಹಚ್ಚಿ, ಒಣಗಿದ ಮೇಲೆ ಸುತ್ತಲೂ ಹೊರಗೋಡೆಯ ಪುಟ್ಟಿಯನ್ನು ಮೆತ್ತಬೇಕು. 12ರಿಂದ 15 ಮಿ.ಮೀ. ದಪ್ಪದ ಗಾರೆ ನಮ್ಮ ಅಳತೆಯಲ್ಲಿ ಅರ್ಧ ಮಿ.ಮೀ. ಚಿಲ್ಲರೆ ಮಾತ್ರ. ಪುಟ್ಟಿಯ ಅಂಚು ಇದಕ್ಕಿಂತ ದಪ್ಪವಾದರೆ ಗಾರೆ ಉದುರಿದಂತೆ ಕಾಣದೆ ರೊಟ್ಟಿಯ ಚೂರು ಅಂಟಿಸಿದಂತೆ ಕಾಣುತ್ತದೆ. ಅದರ ಮೇಲೆ ತಿಳಿಯಾದ ಬಣ್ಣದ ಎರಡು ಮೂರು ತೆಳು ಪದರಗಳು, ಒಂದು ಹಳದಿ ಛಾಯೆಯದು, ಒಂದು ನೀಲಿ ಬೆರೆಸಿದ ಸುಣ್ಣದ್ದು, ಬರಬೇಕು. ಪದರಗಳ ನಡುವೆ ಅಲ್ಲಲ್ಲಿ ಉಪ್ಪಿನ ಹರಳು ಉದುರಿಸಿ, ಮೇಲಿನ ಬಣ್ಣ ಒಣಗಿದ ಮೇಲೆ ಒದ್ದೆ ಬ್ರಷ್ಷಿನಿಂದ ಉಜ್ಜಿದರೆ ಹರಳಿದ್ದ ಕಡೆ ಮಾತ್ರ ಬಣ್ಣ ಕಿತ್ತು ಹಿಂದಿನ ವರ್ಷದ ಸುಣ್ಣ ಇಣುಕುತ್ತದೆ. ಉಪ್ಪು ಉಳಿಯದಂತೆ ಚೆನ್ನಾಗಿ ತೊಳೆಯುವುದನ್ನು ಮರೆಯಬಾರದು.

ಇನ್ನು ಕಲೆಗಳು. ಬ್ರಷ್ ಹಿಡಿಯುವ ಮೊದಲು ಮಳೆ ಯಾವ ದಿಕ್ಕಿನಿಂದ ಬರುತ್ತದೆ ಎಂಬುದನ್ನು ನಿರ್ಧರಿಸಿಕೊಳ್ಳಬೇಕು. ಮಲೆನಾಡಿನಲ್ಲಿ ಮುಂಗಾರಿನ ಎರಚಲು ನೈಋತ್ಯದಿಂದ ಹೊಡೆಯುತ್ತದೆ. ಆದ್ದರಿಂದ ಆ ಬದಿಯ ಗೋಡೆ ಕಪ್ಪಾಗಬೇಕು, ಎದುರು ಬದಿಯದು ಬಹುಪಾಲು ಶುಭ್ರವಾಗಿಯೇ ಇರಬೇಕು. ಸೂರಿನ ಕೆಳಗಿನ ಪಟ್ಟಿ ಎಲ್ಲ ಬದಿಯಲ್ಲೂ ಬಿಳಿಯಾಗಿ ಉಳಿಯುತ್ತದೆ. ಕಿಟಕಿಯ ಕೆಳಗಿನ ಕಲೆ ನಡುವಿನಿಂದ ಇಳಿಯುವುದು ಅಪರೂಪ. ನೀರು ಹಾಸುಗಲ್ಲಿನ ಎರಡು ತುದಿಗಳಿಗೆ ಸರಿದು ಅಲ್ಲಿಂದ ಗೆರೆಯಾಗಿ ಇಳಿಯುತ್ತದೆ. ಬುಡದ ಕೆಂಪು ಕಲೆ 2 ಸೆಂ.ಮೀ. ದಾಟಬಾರದು. ಈ ಕೆಂಪಿಗೆ ಕಾವಿಯನ್ನೂ ಕಪ್ಪಿಗೆ ದೀಪದ ಮಸಿಯನ್ನೂ ಹೊರಗೋಡೆಯ ಅಕ್ರಿಲಿಕ್‌ನಲ್ಲಿ ಕಲಸಿ, ಚಹಾದಷ್ಟು ತೆಳ್ಳಗೆ ಮಾಡಿ ಬಳಸುತ್ತೇನೆ. ಕಬ್ಬಿಣದ ಆಕ್ಸೈಡ್ ಮತ್ತು ಇಂಗಾಲ ಎಷ್ಟು ಬಿಸಿಲಿಗೂ ಮಾಸುವುದಿಲ್ಲ.

ಮಾಡಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ತೋಟದ ರೈಲನ್ನು ನಾವು ಸದಾ ಮೇಲಿನಿಂದ ನೋಡುತ್ತೇವೆ. 1865ರಲ್ಲಿ ಬಾಸೆಲ್ ಮಿಷನ್ ಆರಂಭಿಸಿದ ಕಾರ್ಖಾನೆಯಿಂದ ಹರಡಿದ ಮಂಗಳೂರು ಹೆಂಚು ಸುಮಾರು 41 ಸೆಂ.ಮೀ. ಉದ್ದ, 23 ಸೆಂ.ಮೀ. ಅಗಲ, ನಮಗೆ ಅದು 18 ಮಿ.ಮೀ. ಉದ್ದ, 10 ಮಿ.ಮೀ. ಅಗಲ. ಚದರ ಮೀಟರಿಗೆ ಹದಿನೈದು ಹೆಂಚಿನಂತೆ, ಒಂಬತ್ತು ಮೀಟರ್ ಉದ್ದ, ಮೂರೂವರೆ ಮೀಟರ್ ಇಳಿಜಾರಿನ ಒಂದು ಬದಿಗೇ 470ರಷ್ಟು ಹೆಂಚು ಬೇಕು. ಒಂದನ್ನು ಎಪಾಕ್ಸಿ ಪುಟ್ಟಿಯಲ್ಲಿ ಕಡೆದು, ಅದರಿಂದ ಸಿಲಿಕೋನ್ ಅಚ್ಚು ತೆಗೆದು, ಕಾವಿ ಬೆರೆಸಿದ ಸಿಮೆಂಟಿನಲ್ಲಿ ಎರಕ ಹೊಯ್ಯಬಹುದು. ಮೈಯೆಲ್ಲ ಕೆಂಪಾಗಿರುವುದರಿಂದ ಮೂಲೆ ಮುರಿದರೂ ಒಳಗೆ ಬೂದು ಬಣ್ಣ ಕಾಣುವುದಿಲ್ಲ. ಇದು ತಾಳ್ಮೆ ಬೇಡುವ ಕೆಲಸ, ನನಗೆ ವಾರಗಳೇ ಹಿಡಿದವು. ಆದರೂ ಅಚ್ಚೊತ್ತಿದ ಒಂದೇ ಹಾಳೆಗಿಂತ ಬಿಡಿ ಹೆಂಚನ್ನೇ ಜೋಡಿಸಿ ಎನ್ನುತ್ತೇನೆ, ಏಕೆಂದರೆ ಯಾವ ಎರಡು ಹೆಂಚೂ ಒಂದೇ ರೀತಿ ಕಪ್ಪಾಗುವುದಿಲ್ಲ.

ಮಲೆನಾಡಿನಲ್ಲಿ ಪ್ರತಿವರ್ಷ ಮಳೆಗೆ ಮೊದಲು ಹೆಂಚು ಕೈಯಾಡಿಸುತ್ತಾರಲ್ಲವೇ? ಒಡೆದದ್ದನ್ನು ತೆಗೆದು ಹೊಸದನ್ನು ತೂರಿಸುವುದರಿಂದ ಕಪ್ಪು ಮಾಡಿನ ನಡುವೆ ಅಲ್ಲೊಂದು ಇಲ್ಲೊಂದು ಎಳೆಗೆಂಪು ಹೆಂಚು ಹೊಳೆಯುತ್ತದೆ. ನನ್ನ ನಿಲ್ದಾಣದಲ್ಲಿ ಮೊದಲು ಅದನ್ನೂ ಬಣ್ಣದಿಂದಲೇ ತೋರಿಸಿದ್ದೆ. ಆಮೇಲೊಂದು ಮೇ ತಿಂಗಳಲ್ಲಿ ಮಾವಿನ ಮರದ ಒಣಕೊಂಬೆ ಬಿದ್ದು ನೈಋತ್ಯದ ಮೂಲೆಯ ಏಳು ಹೆಂಚುಗಳು ಒಡೆದವು. ಅದೇ ಅಚ್ಚಿನಲ್ಲಿ ಏಳನ್ನು ಹೊಯ್ದು, ಮಸಿ ಹಚ್ಚದೆ, ಹಾಗೆಯೇ ಕೂರಿಸಿದೆ. ಬಂದವರು ಈಗ ಮೊದಲು ಬೆರಳಿಟ್ಟು ತೋರಿಸುವುದು ಆ ಏಳು ಹೆಂಚುಗಳನ್ನೇ.